ಅಕ್ಕಿ ಚೀಲದ ಮೇಲೆ ಯಾವ ದೇಶದ ವೆಬ್ ವಿಳಾಸ ಅಚ್ಚು ಹಾಕಿಸಬೇಕು?

ಪ್ರಶ್ನೆ: ನಮ್ಮದು ಗಂಗಾವತಿಯಲ್ಲಿ ಒಂದು ಸಣ್ಣ ರೈಸ್ ಮಿಲ್. ಸೋನಾ ಮಸೂರಿ ಅಕ್ಕಿಯನ್ನು ನಮ್ಮದೇ ಬ್ರಾಂಡಿನ 26 ಕೆಜಿ ಚೀಲಗಳಲ್ಲಿ ಬೆಂಗಳೂರು, ಹುಬ್ಬಳ್ಳಿಯ ಮನೆಗಳಿಗೆ ನೇರವಾಗಿ ಮಾರಲು ಶುರು ಮಾಡಿದ್ದೇವೆ. 2021ರಲ್ಲಿ ಪುಕ್ಕಟೆ ಸಿಕ್ಕ ಡಾಟ್ ಎಂಎಲ್ ವಿಳಾಸದಲ್ಲಿ ನಮ್ಮ ವೆಬ್‌ಸೈಟ್ ಇತ್ತು. 2023ರಲ್ಲಿ ಅದು ಇದ್ದಕ್ಕಿದ್ದಂತೆ ನಿಂತುಹೋಯಿತು. ಕಾರಣ ಇವತ್ತಿಗೂ ಗೊತ್ತಾಗಿಲ್ಲ. ಈಗ ಹೊಸದಾಗಿ ಮಾಡಿಸಬೇಕು. ನಮ್ಮ ಬ್ರಾಂಡಿನ ಡಾಟ್ ಕಾಮ್ ಬೇರೆಯವರ ಹತ್ತಿರ ಇದೆ. ವೆಬ್‌ಸೈಟ್ ಮಾಡುವ ಹುಡುಗ ಡಾಟ್ ಐಓ ಇಲ್ಲವೇ ಡಾಟ್ ಸಿಓ ತಗೊಳ್ಳಿ, ನೋಡೋಕೆ ಚೆನ್ನಾಗಿರುತ್ತೆ ಅಂತಾನೆ. ತಮ್ಮ ಆಗಲೇ ಡಾಟ್ ಎಐ ಒಂದಕ್ಕೆ ಎರಡು ವರ್ಷದ ದುಡ್ಡು ಕಟ್ಟಿಬಿಟ್ಟಿದ್ದಾನೆ. ಇವೆಲ್ಲ ಬೇರೆ ದೇಶಗಳವು ಎಂದು ಕೇಳಿದೆ. ಏನಾದರೂ ಅಪಾಯ ಇದೆಯಾ? ಐದು ಸಾವಿರ ಚೀಲ ಅಚ್ಚಿಗೆ ಕೊಡಬೇಕು.
– ಓದುಗರು, ಗಂಗಾವತಿ

ಉತ್ತರ: ಚೀಲ ಅಚ್ಚಿಗೆ ಹೋಗುವ ಮುಂಚೆ ಕೇಳಿದ್ದು ಒಳ್ಳೆಯದಾಯಿತು. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಗಂಗಾವತಿಯಿಂದ ಕರ್ನಾಟಕದ ಮನೆಗಳಿಗೆ ಅಕ್ಕಿ ಮಾರುವವರಿಗೆ ಭಾರತದ್ದೇ ಆದ ಡಾಟ್ ಇನ್ ಸರಿ. ಬೇರೆ ದೇಶದ ವಿಳಾಸಗಳೆಲ್ಲ ಕೆಟ್ಟವು ಅಂತ ನಾನು ಹೇಳುವುದಿಲ್ಲ. ಕೆಲವು ಬಹಳ ಅಚ್ಚುಕಟ್ಟಾಗಿ ನಡೆಯುತ್ತಿವೆ. ಆದರೆ ಅಲ್ಲಿ ಏನಾದರೂ ಕೆಟ್ಟರೆ ಯಾರ ಬಾಗಿಲಿಗೆ ಹೋಗಿ ಕೇಳುತ್ತೀರಿ? ಈ ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಡೊಮೈನ್, ಅಂದರೆ ವೆಬ್ ವಿಳಾಸದ ಹೆಸರು, ಕೊಳ್ಳಬೇಕು.

ನಿಮ್ಮ ಡಾಟ್ ಎಂಎಲ್‌ಗೆ ಏನಾಯಿತು ಅನ್ನುವುದರಿಂದಲೇ ಶುರು ಮಾಡೋಣ. ಎಂಎಲ್ ಎಂಬುದು ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಸಂಕೇತ. ಆ ದೇಶ ತನ್ನ ಡೊಮೈನ್ ನಡೆಸುವ ಕೆಲಸವನ್ನು ಆಮ್‌ಸ್ಟರ್‌ಡ್ಯಾಮಿನ ಫ್ರೀನಾಮ್ ಎಂಬ ಕಂಪನಿಗೆ ಕೊಟ್ಟಿತ್ತು. ಟೊಕೆಲಾವ್ ದ್ವೀಪಗಳ ಡಾಟ್ ಟಿಕೆ, ಗಬಾನ್ ದೇಶದ ಡಾಟ್ ಜಿಎ, ಇನ್ನೆರಡು ಆಫ್ರಿಕನ್ ದೇಶಗಳ ಡಾಟ್ ಸಿಎಫ್ ಮತ್ತು ಡಾಟ್ ಜಿಕ್ಯೂ ಕೂಡ ಇದೇ ಕಂಪನಿಯ ಕೈಯಲ್ಲಿದ್ದವು. ಹೆಸರುಗಳನ್ನು ಪುಕ್ಕಟೆ ಹಂಚುತ್ತಿದ್ದರು. ಪುಕ್ಕಟೆ ಸಿಗುವ ಕಡೆ ಮೋಸಗಾರರೂ ಬಂದು ಸೇರಿದರು. ನಕಲಿ ಬ್ಯಾಂಕ್ ಪುಟಗಳು, ನಕಲಿ ಲಾಗಿನ್ ಪುಟಗಳು ಈ ವಿಳಾಸಗಳಲ್ಲಿ ರಾಶಿ ರಾಶಿ ಎದ್ದವು. ಫೇಸ್‌ಬುಕ್ ನಡೆಸುವ ಮೆಟಾ ಕಂಪನಿ ಅಮೆರಿಕದಲ್ಲಿ ಕೇಸು ಹಾಕಿತು. 2023ರ ಶುರುವಿನಲ್ಲೇ ಫ್ರೀನಾಮ್ ಹೊಸ ಹೆಸರು ಕೊಡುವುದನ್ನು ನಿಲ್ಲಿಸಿತು. ಆ ವರ್ಷ ಜೂನ್‌ನಲ್ಲಿ ಗಬಾನ್ ತನ್ನ ಡೊಮೈನ್ ವಾಪಸ್ ಪಡೆಯಿತು. ಆಗ ಅಳಿಸಿಹೋದ ಹೆಸರುಗಳು ಸುಮಾರು 70 ಲಕ್ಷ. ಜುಲೈನಲ್ಲಿ ಡಾಟ್ ಎಂಎಲ್ ಮಾಲಿ ಸರ್ಕಾರದ ಕೈಗೆ ಹೋಯಿತು. ನಿಮ್ಮ ವೆಬ್‌ಸೈಟ್ ನಿಂತದ್ದೂ ಅದೇ ಹೊತ್ತಿಗೆ ಇರಬೇಕು. 2024ರ ಫೆಬ್ರುವರಿಯಲ್ಲಿ ಫ್ರೀನಾಮ್ ಈ ವ್ಯವಹಾರವನ್ನೇ ಬಿಡುವುದಾಗಿ ಹೇಳಿತು.

ನಿಮ್ಮ ಕಡೆಯಿಂದ ತಪ್ಪೇನೂ ಆಗಿರಲಿಲ್ಲ. ಆದರೆ ಪುಕ್ಕಟೆ ಹೆಸರುಗಳ ಷರತ್ತಿನಲ್ಲಿ ಒಂದು ಮಾತಿತ್ತು. ಹೆಸರಿನ ಮಾಲೀಕ ಕಂಪನಿಯೇ, ನಿಮಗಿದ್ದದ್ದು ಬಳಸುವ ಅವಕಾಶ ಮಾತ್ರ. ಹಾಗಾಗಿ ನಿಮಗೆ ತಿಳಿಸಿ ನಿಲ್ಲಿಸಬೇಕಾದ ಹೊಣೆ ಯಾರಿಗೂ ಇರಲಿಲ್ಲ.

ದುಡ್ಡು ಕೊಟ್ಟು ಕೊಂಡರೆ ಈ ತೊಂದರೆ ಇಲ್ಲ ಅಲ್ವಾ ಎಂದು ನೀವು ಕೇಳಬಹುದು. ಅರ್ಧ ನಿಜ. ಉಳಿದರ್ಧ ಅರ್ಥವಾಗಬೇಕಾದರೆ ಎರಡಕ್ಷರದ ವಿಳಾಸಕ್ಕೂ ಡಾಟ್ ಕಾಮ್‌ನಂಥ ವಿಳಾಸಕ್ಕೂ ಇರುವ ವ್ಯತ್ಯಾಸ ಗೊತ್ತಿರಬೇಕು. ಡಾಟ್ ಕಾಮ್, ಡಾಟ್ ಆರ್ಗ್, ಡಾಟ್ ನೆಟ್ ನಡೆಸುವವರು ಐಕ್ಯಾನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಜೊತೆ ಕರಾರು ಮಾಡಿಕೊಂಡಿರುತ್ತಾರೆ. ಅವಧಿ ಮುಗಿಯುವ ಮುಂಚೆ ಗ್ರಾಹಕರಿಗೆ ನೆನಪಿಸಬೇಕು, ಹೆಸರು ಅಳಿಸಿದ ಮೇಲೂ 30 ದಿನ ವಾಪಸ್ ಪಡೆಯಲು ಅವಕಾಶ ಕೊಡಬೇಕು, ಹೆಸರಿನ ಜಗಳಕ್ಕೆ ಇಂಥದ್ದೇ ದಾರಿ, ಹೀಗೆ ಎಲ್ಲರಿಗೂ ಒಂದೇ ನಿಯಮ. ಎರಡಕ್ಷರದವು ಹಾಗಲ್ಲ. ಅವು ಐಎಸ್‌ಓ 3166 ಎಂಬ ಅಂತರರಾಷ್ಟ್ರೀಯ ಪಟ್ಟಿಯಲ್ಲಿರುವ ದೇಶ ಮತ್ತು ಪ್ರದೇಶಗಳ ಸಂಕೇತಗಳು. ಅಲ್ಲಿನ ನಿಯಮ ಆಯಾ ದೇಶದವರೇ ಮಾಡುತ್ತಾರೆ. ಇವತ್ತು ಒಂದು ನಿಯಮ, ನಾಳೆ ಇನ್ನೊಂದು. ಬೆಲೆಯೂ ಹಾಗೇ. ಐಕ್ಯಾನ್ ಅದರಲ್ಲಿ ಕೈ ಹಾಕುವುದಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಹೊಲ ಇರುವವರ ಪಾಡು ನಿಮಗೆ ಗೊತ್ತೇ ಇದೆ. ಭೂಮಿ ತನ್ನದು, ಬೀಜ ತನ್ನದು, ದುಡಿಮೆ ತನ್ನದು. ನೀರು ಮಾತ್ರ ಮೇಲಿನ ಗೇಟಿನವರ ಕೈಯಲ್ಲಿ. ಬೇರೆ ದೇಶದ ಡೊಮೈನ್ ಕೂಡ ಅಂಥದ್ದು. ಆದರೆ ಮಾನ್ವಿ, ಸಿರವಾರದ ರೈತ ನೀರು ಬರದಿದ್ದರೆ ಮುನಿರಾಬಾದಿನ ನೀರಾವರಿ ಕಚೇರಿಗೆ ಹೋಗಿ ಕೇಳಬಹುದು. ನೀರಾವರಿ ಸಲಹಾ ಸಮಿತಿ (ಐಸಿಸಿ) ಸಭೆಯಲ್ಲಿ ಏನು ತೀರ್ಮಾನ ಆಯಿತು ಎಂದು ಶಾಸಕರನ್ನು ಹಿಡಿದು ನಿಲ್ಲಿಸಬಹುದು. ಡೊಮೈನ್ ನಿಂತರೆ ಲಿಬಿಯಾದ ಟ್ರಿಪೋಲಿಗೆ ಹೋಗಿ ಯಾರನ್ನು ಕೇಳುತ್ತೀರಿ?

ಟ್ರಿಪೋಲಿ ಎಂದು ಸುಮ್ನೆ ಹೇಳಲಿಲ್ಲ. ಲಿಬಿಯಾದ ಸಂಕೇತ ಎಲ್‌ವೈ. ಇಂಗ್ಲಿಷ್ ಪದಗಳ ಕೊನೆಗೆ ಚೆನ್ನಾಗಿ ಹೊಂದುತ್ತದೆ ಎಂದು ಅಮೆರಿಕದವರು ಅದನ್ನು ಬಹಳ ಕೊಂಡರು. 2010ರಲ್ಲಿ ಅಲ್ಲಿನ ನೋಂದಣಿ ಸಂಸ್ಥೆ ವಿಬಿ ಡಾಟ್ ಎಲ್‌ವೈ ಎಂಬ ವಿಳಾಸವನ್ನು ಕಿತ್ತುಕೊಂಡಿತು. ಅದು ಉದ್ದದ ಲಿಂಕುಗಳನ್ನು ಚಿಕ್ಕದು ಮಾಡಿಕೊಡುವ ತಾಣ, ನಡೆಸುತ್ತಿದ್ದವರು ಅಮೆರಿಕದ ಒಬ್ಬ ಬರಹಗಾರ್ತಿ. ಅದರಲ್ಲಿದ್ದ ಚಿತ್ರ ಮತ್ತು ಮಾತು ಲಿಬಿಯಾದ ಧಾರ್ಮಿಕ ಕಾನೂನಿಗೆ ಒಪ್ಪುವುದಿಲ್ಲ ಎಂಬುದು ಕೊಟ್ಟ ಕಾರಣ. 2024ರ ಫೆಬ್ರುವರಿಯಲ್ಲಿ ಅಫ್ಘಾನಿಸ್ತಾನದ ಡಾಟ್ ಎಎಫ್‌ನಲ್ಲಿದ್ದ ಒಂದು ಸಣ್ಣ ಸಾಮಾಜಿಕ ಜಾಲತಾಣವನ್ನು ತಾಲಿಬಾನ್ ಸರ್ಕಾರದ ಸಚಿವಾಲಯ ನಿಲ್ಲಿಸಿತು. ಕೊಂಡವರು ಬೇರೆ ದೇಶದವರು, ಓದುಗರು ಬೇರೆ ದೇಶದವರು, ಸರ್ವರ್ ಇದ್ದದ್ದೂ ಬೇರೆ ಕಡೆ. ಆದರೂ ಕೊನೆಯ ಎರಡಕ್ಷರ ಯಾರದೋ ಅವರ ಕಾನೂನೇ ನಡೆಯಿತು.

ಅಕ್ಕಿ ಮಾರುವ ನಮ್ಮ ಮೇಲೆ ಯಾರಿಗೆ ಏನು ಸಿಟ್ಟು ಎಂದು ನಿಮಗೆ ಅನಿಸಬಹುದು. ಸರಿಯೇ. ಆದರೆ ಯಾರ ಮೇಲೂ ಸಿಟ್ಟಿಲ್ಲದೆಯೂ ಹೆಸರು ಹೋಗುತ್ತದೆ. ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟಾಗ ಅಲ್ಲಿನ ಅಂಗಡಿಯವರು, ಸಣ್ಣ ಕಂಪನಿಯವರು ಇಟ್ಟುಕೊಂಡಿದ್ದ ಡಾಟ್ ಇಯು ಹೆಸರುಗಳಿಗೆ ಅರ್ಹತೆಯೇ ಇಲ್ಲವಾಯಿತು. 2021ರ ಜನವರಿ 1ರಂದು ಸುಮಾರು 80 ಸಾವಿರ ಹೆಸರು ಒಟ್ಟಿಗೆ ನಿಂತವು. ಇವರು ಯಾರೂ ನಿಯಮ ಮುರಿದಿರಲಿಲ್ಲ. ನಿಯಮವೇ ಇವರನ್ನು ಬಿಟ್ಟು ಆಚೆ ಸರಿದಿತ್ತು. ಕೆನಡಾ, ಅಮೆರಿಕ, ಆಸ್ಟ್ರೇಲಿಯಾದ ಸಂಕೇತಗಳಿಗೂ ಆ ದೇಶದ ಜೊತೆ ಏನಾದರೂ ಸಂಬಂಧ ಇರಬೇಕು ಎಂಬ ಷರತ್ತಿದೆ. ಅಲ್ಲಿ ಇರುವ ಯಾರದೋ ಹೆಸರು ಬಾಡಿಗೆಗೆ ಪಡೆದು ಇಂಥ ಡೊಮೈನ್ ಕೊಡಿಸುವವರೂ ಇದ್ದಾರೆ. ದಯವಿಟ್ಟು ಆ ಕಡೆ ಹೋಗಬೇಡಿ. ಕಾಗದದಲ್ಲಿ ಮಾಲೀಕ ಅವನೇ ಆಗಿರುತ್ತಾನೆ.

ಈಗ ಡಾಟ್ ಐಓ. ಇದು ಬ್ರಿಟಿಷ್ ಹಿಂದೂ ಮಹಾಸಾಗರ ಪ್ರದೇಶ ಎಂಬುದರ ಸಂಕೇತ. ಅಂದರೆ ಚಾಗೋಸ್ ದ್ವೀಪಗಳು. ಅಲ್ಲಿನ ಮೂಲ ಜನರನ್ನು 1960 ಮತ್ತು 70ರ ದಶಕಗಳಲ್ಲಿ ಹೊರಹಾಕಿ ಡಿಯಾಗೋ ಗಾರ್ಸಿಯಾದಲ್ಲಿ ಸೇನಾ ನೆಲೆ ಕಟ್ಟಿದರು. ಈ ದ್ವೀಪಗಳನ್ನು ಮಾರಿಷಸ್‌ಗೆ ಬಿಟ್ಟುಕೊಡುವುದಾಗಿ ಬ್ರಿಟನ್ 2024ರ ಅಕ್ಟೋಬರಿನಲ್ಲಿ ಹೇಳಿತು. 2025ರ ಮೇ 22ರಂದು ಎರಡೂ ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. ಒಂದು ಪ್ರದೇಶ ಹೆಸರಿಗೆ ಇಲ್ಲವಾದರೆ ಅದರ ಸಂಕೇತ ಐಎಸ್‌ಓ ಪಟ್ಟಿಯಿಂದ ಹೋಗಬಹುದು. ಪಟ್ಟಿಯಿಂದ ಹೋದರೆ ಡೊಮೈನನ್ನೂ ಮುಚ್ಚುವ ಕ್ರಮ ಶುರುವಾಗುತ್ತದೆ. ಐಕ್ಯಾನ್‌ನ ಈಗಿನ ನಿಯಮದಲ್ಲಿ ಅದಕ್ಕೆ ಐದು ವರ್ಷ, ಹೆಚ್ಚೆಂದರೆ ಹತ್ತು ವರ್ಷ.

ಹಿಂದೆ ಹೀಗೆ ಆಗಿದೆ. ಯುಗೊಸ್ಲಾವಿಯಾ ಒಡೆದ ಮೇಲೆ ಡಾಟ್ ವೈಯು ವಿಳಾಸಗಳು ಸರ್ಬಿಯಾ ಮತ್ತು ಮಾಂಟೆನೆಗ್ರೊದ ಹೊಸ ಸಂಕೇತಗಳಿಗೆ ಬದಲಾಗಬೇಕಾಯಿತು. 2010ರ ಮಾರ್ಚ್ 30ರಂದು ಡಾಟ್ ವೈಯು ಪೂರ್ತಿ ಬಂದ್ ಆಯಿತು. ಉಲ್ಟಾ ಉದಾಹರಣೆಯೂ ಇದೆ. ಸೋವಿಯತ್ ಒಕ್ಕೂಟ 1991ರಲ್ಲೇ ಹೋಯಿತು, ಅದರ ಡಾಟ್ ಎಸ್‌ಯು ಮೂವತ್ತು ವರ್ಷ ಕಳೆದ ಮೇಲೂ ನಡೆಯುತ್ತಲೇ ಇತ್ತು. ಹಾಗಾಗಿ ಡಾಟ್ ಐಓ ನಾಳೆಯೇ ಮುಳುಗುತ್ತದೆ ಎಂದು ಹೆದರಿಸುವವರ ಮಾತು ನಾನು ಒಪ್ಪುವುದಿಲ್ಲ. ಲಕ್ಷಗಟ್ಟಲೆ ಜನ ಬಳಸುವ ವಿಳಾಸ ಅದು, ಏನಾದರೂ ದಾರಿ ಹುಡುಕಬಹುದು. ಆದರೆ ಇವತ್ತು ಹೊಸದಾಗಿ ಶುರು ಮಾಡುವವರು, ಅದೂ ಗಂಗಾವತಿಯ ಅಕ್ಕಿ ಮಾರುವವರು, ಸಾಗರದಾಚೆಯ ಆ ತಕರಾರಿಗೆ ತಮ್ಮ ಹೆಸರನ್ನು ಯಾಕೆ ಗಂಟು ಹಾಕಬೇಕು?

ದೇಶ ಮಾಯವಾಗುವುದು ಅಪರೂಪ. ನಿಮ್ಮಂಥ ಸಣ್ಣ ವ್ಯಾಪಾರಿಗಳಿಗೆ ನಿಜವಾದ ಹೊಡೆತ ಬೀಳುವುದು ಬೇರೆ ಕಡೆ. ಒಂದು, ನವೀಕರಣ. ಇನ್ನೊಂದು, ಇಮೇಲ್.

ನವೀಕರಣದ ವಿಷಯ ನೋಡಿ. ವಿದೇಶಿ ಡೊಮೈನುಗಳನ್ನು ಜಾಸ್ತಿ ಜನ ಹೊರದೇಶದ ಕಂಪನಿಗಳಲ್ಲಿ ಡಾಲರ್ ಕೊಟ್ಟು ಕೊಳ್ಳುತ್ತಾರೆ. ಕಾರ್ಡ್ ನಂಬರ್ ಕೊಟ್ಟು, ಪ್ರತಿ ವರ್ಷ ತಾನಾಗಿಯೇ ಕಟ್ ಆಗುತ್ತದೆ ಎಂದು ನಿಶ್ಚಿಂತೆಯಿಂದ ಇರುತ್ತಾರೆ. ಆದರೆ 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂತು. ಮತ್ತೆ ಮತ್ತೆ ಕಟ್ ಆಗುವ ಕಾರ್ಡ್ ಪಾವತಿಗೆ ಗ್ರಾಹಕರ ಒಪ್ಪಿಗೆಯನ್ನು ಬ್ಯಾಂಕಿನ ಮೂಲಕ ಮೊದಲೇ ನೋಂದಾಯಿಸಬೇಕು. ಗ್ರಾಹಕರ ರಕ್ಷಣೆಗೆ ಒಳ್ಳೆಯ ನಿಯಮವೇ. ಆದರೆ ಎಷ್ಟೋ ವಿದೇಶಿ ಕಂಪನಿಗಳು ಈ ವ್ಯವಸ್ಥೆಗೆ ಸೇರಿಲ್ಲ. ಅಲ್ಲಿ ನಿಮ್ಮ ಕಾರ್ಡಿನಿಂದ ದುಡ್ಡು ಹೋಗುವುದೇ ಇಲ್ಲ. ಪಾವತಿ ಆಗಿಲ್ಲ ಎಂಬ ಇಂಗ್ಲಿಷ್ ಮೇಲ್ ಒಂದು ಬರುತ್ತದೆ. ಸುಗ್ಗಿಯ ಹೊತ್ತು, ಮಿಲ್ಲಿನಲ್ಲಿ ಭತ್ತದ ಲಾರಿಗಳು ಸಾಲು ನಿಂತಿರುತ್ತವೆ. ಆ ಮೇಲ್ ಯಾರು ನೋಡುತ್ತಾರೆ? ಡಾಟ್ ಕಾಮ್ ಆದರೆ ಇನ್ನೊಂದಿಷ್ಟು ದಿನ ಕಾಯುತ್ತಾರೆ. ಕೆಲವು ದೇಶಗಳ ವಿಳಾಸಗಳಲ್ಲಿ ಅಷ್ಟು ಕಾಲಾವಕಾಶ ಇಲ್ಲ. ಕೆಲವು ಕಡೆ ಇದ್ದರೂ ವಾಪಸ್ ಪಡೆಯಲು ಕೇಳುವ ದುಡ್ಡು ಮೂಲ ಬೆಲೆಯ ಎಷ್ಟೋ ಪಟ್ಟು.

ಹೆಸರು ಕೈಬಿಟ್ಟರೆ ಅದನ್ನು ಕೊಳ್ಳಲು ಕಾದು ಕೂತವರಿದ್ದಾರೆ. ಹಳೆಯ ಹೆಸರಿಗೆ ಗೂಗಲ್ ಹುಡುಕಾಟದಲ್ಲಿ ಸಿಕ್ಕ ಮನ್ನಣೆಯನ್ನು ಜೂಜಿನ ತಾಣಗಳು ಬಳಸಿಕೊಳ್ಳುತ್ತವೆ. ನಿಮ್ಮ ಚೀಲದ ಮೇಲೆ ಕ್ಯೂಆರ್ ಕೋಡ್ ಅಚ್ಚಾಗಿದೆ ಎಂದುಕೊಳ್ಳಿ. ಚೀಲ ಹುಬ್ಬಳ್ಳಿಯ ಯಾರದೋ ಅಡುಗೆಮನೆಯಲ್ಲಿ ಎರಡು ಮೂರು ತಿಂಗಳು ಇರುತ್ತದೆ. ಖಾಲಿಯಾದ ಮೇಲೂ ಏನಾದರೂ ತುಂಬಿಡಲು ಇಟ್ಟುಕೊಳ್ಳುತ್ತಾರೆ. ಮತ್ತೆ ಅಕ್ಕಿ ತರಿಸೋಣ ಎಂದು ಆ ಮನೆಯವರು ಕೋಡ್ ಸ್ಕ್ಯಾನ್ ಮಾಡಿದರೆ ತೆರೆಯುವುದು ಬೆಟ್ಟಿಂಗ್ ಪುಟ. ವೆಬ್‌ಸೈಟನ್ನು ಒಂದೇ ದಿನದಲ್ಲಿ ಬದಲಿಸಬಹುದು. ಮಾರಿಹೋದ ಚೀಲದ ಅಚ್ಚನ್ನು ಬದಲಿಸಲಾಗದು.

ಇಮೇಲ್ ಇದಕ್ಕಿಂತ ಗಂಭೀರ. ಹೊಸ ಡೊಮೈನ್ ಬಂದ ಕೂಡಲೇ ಅದೇ ಹೆಸರಿನ ಇಮೇಲ್ ಮಾಡಿಕೊಂಡು ಎಲ್ಲ ಕಡೆ ಕೊಡುವುದು ರೂಢಿ. ಜಿಎಸ್‌ಟಿ ಖಾತೆಗೆ ಅದೇ, ಆಹಾರ ಸುರಕ್ಷತಾ ಪರವಾನಗಿಗೆ ಅದೇ, ಬ್ಯಾಂಕಿಗೂ ಅದೇ. ಡೊಮೈನ್ ಬೇರೆಯವರ ಕೈಗೆ ಹೋದರೆ ಆ ಇಮೇಲೂ ಅವರದೇ. ಅವರು ಒಂದು ಡಬ್ಬಿ ತೆರೆದು ಕೂತರೆ ಸಾಕು, ನಿಮಗೆ ಬರುವ ಎಲ್ಲ ಪತ್ರ ಅವರಿಗೆ ಬರುತ್ತವೆ. ಪಾಸ್‌ವರ್ಡ್ ಮರೆತಿದ್ದೇನೆ ಎಂದು ಒತ್ತಿದರೆ ಅದರ ಲಿಂಕೂ ಅಲ್ಲಿಗೇ. ಡಾಟ್ ಎಂಎಲ್‌ದೇ ಒಂದು ಉದಾಹರಣೆ ಇದೆ. ಅಮೆರಿಕದ ಸೇನೆಯ ವಿಳಾಸ ಡಾಟ್ ಎಂಐಎಲ್ ಎಂದು ಮುಗಿಯುತ್ತದೆ. ಬೆರಳು ತಪ್ಪಿ ಐ ಬಿಟ್ಟರೆ ಅದು ಡಾಟ್ ಎಂಎಲ್, ಅಂದರೆ ಮಾಲಿ. ಹೀಗೆ ದಾರಿ ತಪ್ಪಿದ ಒಂದು ಲಕ್ಷಕ್ಕೂ ಜಾಸ್ತಿ ಇಮೇಲುಗಳು ಕೆಲವೇ ತಿಂಗಳಲ್ಲಿ ಡಾಟ್ ಎಂಎಲ್ ನಡೆಸುತ್ತಿದ್ದವರ ಕಡೆ ಬಂದು ಸೇರಿದ್ದವು ಎಂದು 2023ರ ಜುಲೈನಲ್ಲಿ ಸುದ್ದಿಯಾಯಿತು. ಅವುಗಳಲ್ಲಿ ವೈದ್ಯಕೀಯ ದಾಖಲೆಗಳಿದ್ದವು, ಅಧಿಕಾರಿಗಳ ಪ್ರಯಾಣದ ವಿವರಗಳಿದ್ದವು.

ಆದ್ದರಿಂದ ಹಳೆಯ ಡಾಟ್ ಎಂಎಲ್ ಇಮೇಲನ್ನು ಎಲ್ಲಾದರೂ ಕೊಟ್ಟಿದ್ದೀರಾ ಎಂದು ಇವತ್ತೇ ನೋಡಿ. ಜಿಎಸ್‌ಟಿ, ಆಹಾರ ಪರವಾನಗಿ, ಬ್ಯಾಂಕ್, ಗೂಗಲ್ ಮ್ಯಾಪ್‌ನ ಅಂಗಡಿ ಖಾತೆ, ಫೇಸ್‌ಬುಕ್ ಪುಟ ಎಲ್ಲವನ್ನೂ ತೆರೆದು ನೋಡಿ. ಸಿಕ್ಕರೆ ಮೊದಲು ಅದನ್ನು ಬದಲಿಸಿ. ವೆಬ್‌ಸೈಟ್ ಆಮೇಲೆ ನೋಡಿಕೊಳ್ಳಬಹುದು.

ತಾಂತ್ರಿಕ ತೊಂದರೆಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನೋಷನ್ ಎಂಬ ದೊಡ್ಡ ಆ್ಯಪ್ ಸೊಮಾಲಿಯಾದ ಡಾಟ್ ಎಸ್‌ಓ ವಿಳಾಸದಲ್ಲಿತ್ತು. 2021ರ ಫೆಬ್ರುವರಿಯಲ್ಲಿ ಅದು ಗಂಟೆಗಟ್ಟಲೆ ನಿಂತಿತು. ತೊಂದರೆ ಆಗಿದ್ದು ಅವರ ಸರ್ವರಿನಲ್ಲಲ್ಲ, ಡೊಮೈನ್ ನಡೆಸುವವರ ಮಟ್ಟದಲ್ಲಿ. ಅಷ್ಟು ದೊಡ್ಡ ಕಂಪನಿಗೆ ಜಗತ್ತಿನ ಗಮನ ಸೆಳೆದು ಬೇಗ ಸರಿ ಮಾಡಿಸಿಕೊಳ್ಳುವ ಶಕ್ತಿ ಇತ್ತು. ನಮ್ಮ ಮಿಲ್ಲಿನ ಮೇಲ್‌ಗೆ ಎಷ್ಟು ದಿನಕ್ಕೆ ಉತ್ತರ ಬಂದೀತು?

ಡಾಟ್ ಸಿಓ ಕೊಲಂಬಿಯಾದ್ದು. ಅದು ಸ್ಥಿರವಾಗಿ ನಡೆಯುತ್ತಿದೆ, ನಿಂತುಹೋಗುವ ಭಯ ನನಗಿಲ್ಲ. ಆದರೂ ನಿಮಗೆ ಬೇಡ ಎನ್ನುತ್ತೇನೆ. ನಿಮ್ಮ ಬ್ರಾಂಡಿನ ಡಾಟ್ ಕಾಮ್ ಬೇರೆಯವರ ಹತ್ತಿರ ಇದೆ ಎಂದಿರಿ. ಫೋನಿನಲ್ಲಿ ವಿಳಾಸ ಹೇಳಿ ನೋಡಿ, ಹತ್ತರಲ್ಲಿ ಎಂಟು ಜನ ಕೊನೆಗೆ ಎಂ ಸೇರಿಸಿಯೇ ಒತ್ತುತ್ತಾರೆ. ನಿಮ್ಮ ಜಾಹೀರಾತಿನ ದುಡ್ಡು ಅವರ ಪುಟಕ್ಕೆ ಗಿರಾಕಿ ಕಳಿಸುತ್ತದೆ. ಇಮೇಲೂ ಅವರಿಗೇ ಹೋಗುತ್ತದೆ.

ತಮ್ಮ ಕೊಂಡ ಡಾಟ್ ಎಐ ಕೆರಿಬಿಯನ್ನಿನ ಆಂಗ್ವಿಲಾ ಎಂಬ ಪುಟ್ಟ ದ್ವೀಪದ್ದು. ಅಲ್ಲಿನ ಜನಸಂಖ್ಯೆ ಸುಮಾರು 16 ಸಾವಿರ. ಕೃತಕ ಬುದ್ಧಿಮತ್ತೆಯ ಕಂಪನಿಗಳು ಮುಗಿಬಿದ್ದು ಕೊಂಡದ್ದರಿಂದ 2023ರಲ್ಲಿ ಆ ಸರ್ಕಾರಕ್ಕೆ ಈ ಎರಡಕ್ಷರದಿಂದಲೇ ಸುಮಾರು 3.2 ಕೋಟಿ ಡಾಲರ್ ಬಂತು. ಅವರ ಒಟ್ಟು ಆದಾಯದ ಐದನೇ ಒಂದು ಭಾಗಕ್ಕಿಂತ ಜಾಸ್ತಿ. ಅಷ್ಟು ದುಡ್ಡು ತರುವುದನ್ನು ಯಾವ ಸರ್ಕಾರವೂ ಕೆಡಿಸಿಕೊಳ್ಳುವುದಿಲ್ಲ. ಹಾಗಾಗಿ ಅದು ಸುರಕ್ಷಿತವೇ ಎಂದುಕೊಂಡಿದ್ದೇನೆ. ಆದರೆ ದುಬಾರಿ, ಬೆಲೆ ಏರಿಸುವುದೂ ಅವರ ಕೈಯಲ್ಲೇ. ಕಟ್ಟಿದ ದುಡ್ಡು ಕಟ್ಟಿ ಆಯಿತು. ಆ ಹೆಸರಿಗೆ ಬಂದವರನ್ನು ಹೊಸ ಡಾಟ್ ಇನ್ ವಿಳಾಸಕ್ಕೆ ಕಳಿಸುವ ಹಾಗೆ ಮಾಡಿಸಿ. ಅದರಲ್ಲಿ ಇಮೇಲ್ ಮಾತ್ರ ಮಾಡಬೇಡಿ, ಎಲ್ಲೂ ಅಚ್ಚು ಹಾಕಿಸಬೇಡಿ. ಆಗ ಎರಡು ವರ್ಷ ಆದ ಮೇಲೆ ಬಿಟ್ಟರೂ ನಷ್ಟ ಇಲ್ಲ.

ಡಾಟ್ ಇನ್ ಯಾಕೆ ಎಂದರೆ, ಅದನ್ನು ನಡೆಸುವುದು 2003ರಲ್ಲಿ ಶುರುವಾದ ನಿಕ್ಸಿ ಎಂಬ ಸಂಸ್ಥೆ. ಅದರ ಕಚೇರಿ ದೆಹಲಿಯಲ್ಲಿದೆ. ರೂಪಾಯಿಯಲ್ಲಿ, ಯುಪಿಐನಲ್ಲಿ ದುಡ್ಡು ಕಟ್ಟಬಹುದು. ತಕರಾರು ಬಂದರೆ ಭಾರತದ ಕಾನೂನು, ಭಾರತದ ಕೋರ್ಟು. ಗೂಗಲ್ ಕೂಡ ಡಾಟ್ ಇನ್ ವಿಳಾಸವನ್ನು ಭಾರತದ ಗಿರಾಕಿಗಳಿಗಾಗಿ ಇರುವುದು ಎಂದು ಗುರುತಿಸುತ್ತದೆ, ನಿಮಗೆ ಬೇಕಾದದ್ದೂ ಅದೇ. ಇಲ್ಲಿಯೂ ಸರ್ಕಾರವೋ ಕೋರ್ಟೋ ಹೇಳಿದರೆ ಹೆಸರು ನಿಲ್ಲುತ್ತದೆ. ವ್ಯತ್ಯಾಸ ಏನೆಂದರೆ, ಇಲ್ಲಿ ನಿಮ್ಮ ಮಾತು ಹೇಳಿಕೊಳ್ಳಲು ಜಾಗ ಇದೆ.

ಕೊಳ್ಳುವಾಗ ಒಂದು ವಿಷಯದಲ್ಲಿ ಸಂಕೋಚ ಮಾಡಿಕೊಳ್ಳಬೇಡಿ. ಡೊಮೈನ್ ನಿಮ್ಮ ಮಿಲ್ಲಿನ ಹೆಸರಿನಲ್ಲಿ, ನಿಮ್ಮ ಮೊಬೈಲ್ ನಂಬರಿನಲ್ಲಿ, ನಿಮ್ಮ ಕೈಯಲ್ಲಿರುವ ಪಾಸ್‌ವರ್ಡಿನಲ್ಲಿ ಇರಬೇಕು. ವೆಬ್‌ಸೈಟ್ ಮಾಡುವ ಹುಡುಗ ಎಷ್ಟೇ ಒಳ್ಳೆಯವನಾಗಿರಲಿ, ಅವನ ಹೆಸರಿನಲ್ಲಿ ಬೇಡ. ನಾಳೆ ಅವನು ಕೆಲಸ ಸಿಕ್ಕಿ ಬೇರೆ ಊರಿಗೆ ಹೋಗಬಹುದು, ನಂಬರ್ ಬದಲಿಸಬಹುದು. ಬಳ್ಳಾರಿಯ ಜೀನ್ಸ್ ಹೊಲಿಯುವವರಲ್ಲಿ, ರಾಯಚೂರಿನ ಹತ್ತಿ ವ್ಯಾಪಾರಿಗಳಲ್ಲಿ ನಾನು ಕಂಡ ಡೊಮೈನ್ ತೊಂದರೆಗಳಲ್ಲಿ ಜಾಸ್ತಿ ಇದೇ. ಡೊಮೈನ್ ಖಾತೆಗೆ ಇಮೇಲ್ ಕೊಡುವಾಗಲೂ ಅದೇ ಡೊಮೈನಿನ ಇಮೇಲ್ ಕೊಡಬೇಡಿ. ಬೇರೆ ಸಾಮಾನ್ಯ ಇಮೇಲ್ ಕೊಡಿ. ಡೊಮೈನ್ ನಿಂತ ದಿನ ಎಚ್ಚರಿಕೆ ಪತ್ರವೂ ನಿಮಗೆ ಸಿಗದ ಹಾಗೆ ಆಗಬಾರದು. ಒಂದು ವರ್ಷಕ್ಕೆ ಕೊಳ್ಳುವ ಬದಲು ಐದು ವರ್ಷಕ್ಕೆ ಒಟ್ಟಿಗೆ ಕಟ್ಟಿ.

ಬ್ರಾಂಡಿನಲ್ಲಿ ಊರಿನ ಹೆಸರಿದ್ದರೆ ಎರಡು ಕಾಗುಣಿತವನ್ನೂ ಕೊಳ್ಳಿ. ಗಂಗಾವತಿಯನ್ನು ಇಂಗ್ಲಿಷಿನಲ್ಲಿ ಎಚ್ ಸೇರಿಸಿಯೂ ಬರೆಯುತ್ತಾರೆ, ಸೇರಿಸದೆಯೂ ಬರೆಯುತ್ತಾರೆ. ಬಳ್ಳಾರಿಯ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಿಂದ ಬದಲಾಯಿತು, ಇವತ್ತಿಗೂ ಅರ್ಧ ಜನ ಹಳೆಯದನ್ನೇ ಒತ್ತುತ್ತಾರೆ. ಕನ್ನಡ ಅಕ್ಷರದಲ್ಲೇ ಡಾಟ್ ಭಾರತ ಎಂಬ ವಿಳಾಸವೂ ಸಿಗುತ್ತದೆ, ಅದೂ ನಿಕ್ಸಿಯದೇ. ಚೀಲದ ಮೇಲೆ ಕನ್ನಡದಲ್ಲಿ ಪೂರ್ತಿ ವಿಳಾಸ ಓದುವುದು ನನಗಂತೂ ಖುಷಿ ಕೊಡುತ್ತದೆ. ತಗೊಳ್ಳಿ, ಆದರೆ ಎರಡನೇ ವಿಳಾಸವಾಗಿ. ಕನ್ನಡ ವಿಳಾಸದ ಇಮೇಲನ್ನು ಇನ್ನೂ ಎಷ್ಟೋ ಸರ್ಕಾರಿ ಫಾರಂಗಳು, ಆ್ಯಪ್‌ಗಳು ಒಪ್ಪುವುದಿಲ್ಲ.

ಕೊನೆಯದಾಗಿ, ಬ್ರಾಂಡಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿದ್ದೀರಾ? ಅಕ್ಕಿ 30ನೇ ವರ್ಗದಲ್ಲಿ ಬರುತ್ತದೆ. ಟ್ರೇಡ್‌ಮಾರ್ಕ್ ಇದ್ದರೆ, ನಿಮ್ಮ ಹೆಸರನ್ನು ಯಾರಾದರೂ ದುರುದ್ದೇಶದಿಂದ ಡಾಟ್ ಇನ್‌ನಲ್ಲಿ ಕೊಂಡಾಗ ನಿಕ್ಸಿಯ ಪಂಚಾಯ್ತಿ ವ್ಯವಸ್ಥೆಯಲ್ಲಿ ವಾಪಸ್ ಕೇಳಬಹುದು. ಈಗ ಬೇರೆಯವರ ಹತ್ತಿರ ಇರುವ ಡಾಟ್ ಕಾಮ್ ವಿಷಯ ಬೇರೆ. ಅವರು ನಿಮಗಿಂತ ಮುಂಚೆ, ತಮ್ಮದೇ ಕೆಲಸಕ್ಕೆ ಕೊಂಡಿದ್ದರೆ ಅದು ಅವರದೇ. ಆದರೆ ಅವರೂ ಅಕ್ಕಿಯನ್ನೇ ಮಾರುತ್ತಿದ್ದರೆ, ಚೀಲ ಅಚ್ಚಿಗೆ ಕೊಡುವ ಮುಂಚೆ ಒಬ್ಬ ಟ್ರೇಡ್‌ಮಾರ್ಕ್ ವಕೀಲರಿಗೆ ತೋರಿಸಿ. ಹೆಸರು ಬದಲಿಸಬೇಕಾಗಿ ಬಂದರೆ ಈಗಲೇ ಬದಲಿಸಿಕೊಳ್ಳುವುದು ವಾಸಿ.